ಒಕಾಯಾದಲ್ಲಿ ಆಯುಧ ಪೂಜೆ

ನಮ್ಮೂರು ಶಿಡ್ಲಘಟ್ಟದ ಪಕ್ಕ. 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ, ಆದರೆ ಯಾರಾದರೂ ಕೇಳಿದರೆ ಅಪ್ಪ ಇವತ್ತಿಗೂ ಕೋಲಾರ ಅಂತಲೇ ಹೇಳುತ್ತಾರೆ. ನಮ್ಮದು ರೇಷ್ಮೆ ಬೆಳೆಯುವ ಮನೆ. ಆಯುಧ ಪೂಜೆ ದಿನ ಬೈಕು, ಟ್ರ್ಯಾಕ್ಟರ್ ಎಲ್ಲ ಆಮೇಲೆ. ಮೊದಲು ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕುಡುಗೋಲು, ಸೊಪ್ಪು ಹೆಚ್ಚುವ ಕತ್ತಿ, ಹುಳ ಗೂಡು ಕಟ್ಟುವ ಚಂದ್ರಿಕೆ. ಇವನ್ನು ತೊಳೆದು ಹುಳುಮನೆ ಬಾಗಿಲಲ್ಲೇ ಇಟ್ಟು ಪೂಜೆ. ಒಳಗೆ ಹುಳ ಇದ್ದರೆ ಊದುಬತ್ತಿ ಹೊಸಿಲು ದಾಟುವಂತಿಲ್ಲ. ಹೊಗೆ ಹುಳಕ್ಕೆ ಆಗುವುದಿಲ್ಲ. ಔಷಧಿ ಹೊಡೆದ ಚೆಂಡು ಹೂವನ್ನೂ ಅಮ್ಮ ಒಳಗೆ ಬಿಡುವುದಿಲ್ಲ. ದೇವರಿಗಿಂತ ಹುಳದ್ದೇ ಮಡಿ ಜಾಸ್ತಿ ನಮ್ಮಲ್ಲಿ.

2023ರಲ್ಲಿ ಆಯುಧ ಪೂಜೆ ಅಕ್ಟೋಬರ್ 23, ಸೋಮವಾರ ಬಂತು. ಆಗ ನಾವು ಜಪಾನಿನ ನಾಗಾನೊ ಪ್ರಾಂತ್ಯದ ಒಕಾಯಾದಲ್ಲಿದ್ದೆವು. ನಮ್ಮವರ ಕೆಲಸ ಅಲ್ಲಿ. ಸುವಾ ಸರೋವರದ ದಡದ ಊರು, ಸಮುದ್ರ ಮಟ್ಟದಿಂದ 759 ಮೀಟರ್ ಎತ್ತರ. ಲೆಕ್ಕಕ್ಕೆ ಚಿಕ್ಕಬಳ್ಳಾಪುರವೇ ಇದಕ್ಕಿಂತ ಮೇಲಿದೆ. ಚಳಿ ಮಾತ್ರ ಆ ಲೆಕ್ಕ ಕೇಳುವುದಿಲ್ಲ.

ದಸರಾ ಹೊತ್ತಿಗೆ ನಮ್ಮ ಕಡೆ ಬಣ್ಣ ಬರುವುದು ಹೊಲಕ್ಕೆ. ರಾಗಿ ತೆನೆ ಬಿಟ್ಟಿರುತ್ತದೆ, ನಡುವೆ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ. ಎಲೆ ಉದುರುವುದೆಲ್ಲ ಶಿವರಾತ್ರಿ ಹೊತ್ತಿಗೆ, ಅದನ್ನು ಯಾರೂ ನಿಂತು ನೋಡುವುದಿಲ್ಲ. ಇಲ್ಲಿ ಎಲೆ ನೋಡುವುದಕ್ಕೇ ಜನ ರೈಲು ಹತ್ತಿ ಬರುತ್ತಾರೆ. ಹಗಲು ಚಿಕ್ಕದಾಗಿ ಚಳಿ ಏರಿದಂತೆ ಎಲೆಯ ಹಸಿರು ಕರಗಿ, ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್‌ನ ಕೆಂಪು ಹಾಗಲ್ಲ, ಅದನ್ನು ಎಲೆ ಆಗಲೇ ಹೊಸದಾಗಿ ತಯಾರು ಮಾಡುತ್ತದೆ. ಗದ್ದೆಯಲ್ಲಿ ಕೊಯ್ದ ಭತ್ತದ ಕಟ್ಟನ್ನು ಕಂಬದ ಮೇಲೆ ತಲೆಕೆಳಗಾಗಿ ನೇತುಹಾಕಿ ಒಣಗಿಸುತ್ತಾರೆ. ಇನ್ನು ಸ್ವಲ್ಪ ದಿನಕ್ಕೆ ಸೂರಿನ ಕೆಳಗೆ ಸಿಪ್ಪೆ ತೆಗೆದ ಪರ್ಸಿಮನ್ ಹಣ್ಣಿನ ಸರ ಬರುತ್ತದೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಆ ಊರಿಗೆ ಅಂಟಿಸಿದ್ದು ಎಲೆಯಲ್ಲ, ವಾಸನೆ.

ಹಬ್ಬದ ಹಿಂದಿನ ದಿನ ಅಲ್ಲಿನ ರೇಷ್ಮೆ ಮ್ಯೂಸಿಯಂಗೆ ಹೋಗಿದ್ದೆವು. ಮ್ಯೂಸಿಯಂ ಒಳಗೇ ಒಂದು ನೂಲು ಬಿಚ್ಚುವ ಕಾರ್ಖಾನೆ ನಡೆಯುತ್ತಿದೆ. ಬಾಗಿಲು ತೆಗೆದರೆ ಬೆಂದ ಗೂಡಿನ ವಾಸನೆ ಗಪ್ ಅಂತ ಮುಖಕ್ಕೆ ಬಡಿಯಿತು. ಶಿಡ್ಲಘಟ್ಟದ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಓಡುತ್ತಿದ್ದವಳು ಇಲ್ಲಿ ಬೇಕಂತಲೇ ಉಸಿರೆಳೆದುಕೊಂಡೆ! ಒಬ್ಬ ಹೆಂಗಸು ಬಿಸಿನೀರಿನ ಬೋಗುಣಿ ಮುಂದೆ ಕೂತಿದ್ದರು. ಕೈಯಲ್ಲಿ ಹುಲ್ಲಿನ ಪುಟ್ಟ ಪೊರಕೆ. ಅದನ್ನು ಗೂಡುಗಳ ಮೇಲೆ ಮೆಲ್ಲಗೆ ಆಡಿಸಿದರೆ ಎಳೆಯ ತುದಿ ಸಿಕ್ಕಿಕೊಂಡು ಬರುತ್ತದೆ. ಕೆಲವು ಎಳೆ ಸೇರಿಸಿ ರಾಟೆಗೆ ಬಿಡುತ್ತಾರೆ. ಒಂದು ಗೂಡು ಮುಗಿದು ಹುಳ ಕಂಡ ಕೂಡಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದರ ಎಳೆ ಜೋಡಿಸುತ್ತಾರೆ. ನಮ್ಮೂರ ಕಡೆ ನೂಲು ಬಿಚ್ಚುವ ರೀಲರ್‌ಗಳ ಬೆರಳಿನ ಚಳಕವೂ ಇದೇ.

ನೂರು ವರ್ಷದ ಹಿಂದೆ ಈ ಊರು ಬದುಕಿದ್ದೇ ರೇಷ್ಮೆಯಿಂದ. ನೊಮುಗಿ ಘಟ್ಟ ದಾಟಿ, ಹಿಮದಲ್ಲಿ ನಡೆದುಕೊಂಡು ಹುಡುಗಿಯರು ಇಲ್ಲಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬರುತ್ತಿದ್ದರಂತೆ. ಈಗ ಇಡೀ ಜಪಾನಿನಲ್ಲಿ ಹುಳ ಸಾಕುವ ಮನೆಗಳು 200ಕ್ಕಿಂತ ಕಡಿಮೆ. ಆದರೆ ನಮ್ಮಲ್ಲಿ ಬಿಳಿ ಗೂಡು ಕಟ್ಟುವ ಬೈವೋಲ್ಟಿನ್ ಹುಳದ ತಳಿ ಬೇರೂರುವುದಕ್ಕೆ 1990ರ ದಶಕದಿಂದ ಕೈ ಜೋಡಿಸಿದವರಲ್ಲಿ ಜಪಾನಿನವರೂ ಇದ್ದರು. ಅಪ್ಪನಿಗೆ ಜಪಾನ್ ಅಂದರೆ ಬುಲೆಟ್ ರೈಲಲ್ಲ, ಬೈವೋಲ್ಟಿನ್.

ಸೋಮವಾರ ಸಂಜೆ ನಮ್ಮವರು ಬಂದ ಮೇಲೆ ಪೂಜೆ. ಮತ್ಸುಮೊಟೊದಿಂದ ಚಿಂತಾಮಣಿ ಕಡೆಯ ದಂಪತಿ ಪುಳಿಯೋಗರೆ ಹಿಡಿದುಕೊಂಡು ಬಂದರು. ಕಡ್ಲೆಪುರಿ ಇಲ್ಲದೆ ಆಯುಧ ಪೂಜೆಯೇ? ಅಂಗಡಿಯಲ್ಲಿ ಸಿಹಿ ಹಚ್ಚಿದ ಅಕ್ಕಿ ಪುರಿ ಸಿಗುತ್ತದೆ, ಅದಕ್ಕೇ ಹುರಿಗಡಲೆ ಬೆರೆಸಿದೆವು. ಬೂದುಗುಂಬಳ ಸಿಕ್ಕಿತು, ಒಡೆಯುವ ಜಾಗ ಸಿಗಲಿಲ್ಲ. ರಸ್ತೆಯಲ್ಲಿ ಕುಂಕುಮ ತುಂಬಿ ಒಡೆದರೆ ಅಲ್ಲಿನವರು ಪೊಲೀಸರನ್ನೇ ಕರೆಯುತ್ತಾರೆ! ಬಚ್ಚಲಲ್ಲಿ ಟಬ್ಬಿನೊಳಗೆ ಒಡೆದೆವು.

ಜಗಳ ಆಗಿದ್ದು ತೋರಣಕ್ಕೆ. ಪಕ್ಕದ ಮನೆ ಅಜ್ಜಿ ಪರ್ಸಿಮನ್ ಮರದ ಕೆಂಪೆಲೆ ತಂದುಕೊಟ್ಟಿದ್ದರು, ಅಂಗೈ ಅಗಲದವು. ವಿಡಿಯೋ ಕಾಲಿನಲ್ಲಿ ಅಮ್ಮ ನೋಡಿದ್ದೇ ತಡ, "ಉದುರೋ ಎಲೆ ಯಾರಾದ್ರೂ ಬಾಗಿಲಿಗೆ ಕಟ್ತಾರೇನೇ? ತೆಗಿ ಮೊದಲು" ಅಂದರು. ಅಮ್ಮ ಹೇಳಿದ್ದು ಸರಿಯೇ, ತೋರಣಕ್ಕೆ ಹಸಿರೇ ಆಗಬೇಕು. ಅಜ್ಜಿಯ ಮನಸ್ಸು ನೋಯಿಸುವುದೂ ಬೇಡ ಅಂತ ಕೆಂಪೆಲೆಯನ್ನು ಪ್ರಸಾದದ ತಟ್ಟೆಗೆ ಹಾಸಿದೆ. ಬಾಗಿಲಿಗೆ, ಹಳೆಯ ತೋಟದ ಅಂಚಲ್ಲಿ ಉಳಿದಿದ್ದ ಹಿಪ್ಪುನೇರಳೆ ಗಿಡದಿಂದ ಇನ್ನೂ ಹಸಿರಿದ್ದ ಎಲೆ ಆರಿಸಿ ಕಟ್ಟಿದೆ. ಅಜ್ಜಿ ಅದನ್ನು ನೋಡಿ ಮನೆಗೆ ಹೋಗಿ ಅಟ್ಟದಿಂದ ಬಿದಿರಿನ ತಟ್ಟೆ ಇಳಿಸಿ ತಂದರು. ಅವರ ತಾಯಿ ಮಹಡಿ ಮೇಲೆ ಹುಳ ಸಾಕುತ್ತಿದ್ದರಂತೆ. ಅದಕ್ಕೂ ಅರಿಶಿನ ಕುಂಕುಮ ಇಟ್ಟೆವು. ಸತ್ತ ಹುಳಗಳಿಗೆಂದೇ ಊರಿನ ಶೋಕೋಜಿ ದೇವಸ್ಥಾನದಲ್ಲಿ ಒಂದು ಸ್ಮಾರಕ ಇದೆ ಅಂತ ಅಜ್ಜಿ ಹೇಳಿದರು. ನಮ್ಮಲ್ಲಿ ಕುಡುಗೋಲಿಗೆ ಪೂಜೆ ಉಂಟು, ಹುಳಕ್ಕೆ ಅಂತ ನಾವು ಏನೂ ಕಟ್ಟಿಲ್ಲ ನೋಡಿ.

ಅಷ್ಟರಲ್ಲಿ ಅಪ್ಪ ಫೋನ್ ಕಿತ್ತುಕೊಂಡರು. ಕೆಂಪೆಲೆ, ಸರೋವರ ಏನೂ ಬೇಕಿರಲಿಲ್ಲ ಅವರಿಗೆ.

"ಎಲೆ ಎಲ್ಲಾ ಉದುರಿದ್ಮೇಲೆ ಹುಳಕ್ಕೆ ಏನ್ ಹಾಕ್ತಾರಮ್ಮಾ?"

"ಚಳಿಗಾಲದಲ್ಲಿ ಹುಳ ಇಡಲ್ಲಪ್ಪ. ಮೊಟ್ಟೆ ಹಂಗೇ ಮಲಗಿರುತ್ತೆ, ವಸಂತಕ್ಕೆ ಮರಿ ಆಗೋದು."

"ವರ್ಷಕ್ಕೆ ಐದು ಬೆಳೆ ತೆಗೀಬೇಕಾದ್ದು... ಅಷ್ಟು ತಿಂಗಳು ಸುಮ್ನೆ ಕೂತಿರ್ತಾರಾ?"

ಅಜ್ಜಿಯನ್ನು ಕೇಳಿದೆ. ಚಳಿ ಹೆಚ್ಚಾದಾಗ ಗದ್ದೆ ಬಯಲಲ್ಲಿ ಕಾಂತೆನ್ ಹರಡುತ್ತಿದ್ದರಂತೆ, ಸಮುದ್ರದ ಪಾಚಿ ಬೇಯಿಸಿ ಮಾಡುವ ಅಗರ್. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ಹಾಗೇ ಒಣಗುತ್ತದೆ. ಸುವಾ ಕಡೆ ಈಗಲೂ ಮಾಡುತ್ತಾರೆ.

"ಸರಿ ಬಿಡು, ಕೈ ಖಾಲಿ ಬಿಟ್ಟಿಲ್ಲ," ಅಂದರು ಅಪ್ಪ. "ಊಟ ಮಾಡಿ ನೀವು. ನಾವು ಸೊಪ್ಪು ಹಾಕೋ ಹೊತ್ತಾಯ್ತು."