ವಿಎಂ ಒಳಗೆ ತೆವಳಿದ ಡೆಸ್ಕ್‌ಟಾಪ್

2025ರ ನವೆಂಬರ್ 15, ಶನಿವಾರ

ನಿನ್ನೆ ರಾತ್ರಿ ವಿಎಂನಲ್ಲಿ, ಅಂದರೆ ಲ್ಯಾಪ್‌ಟಾಪಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ವರ್ಚುವಲ್ ಕಂಪ್ಯೂಟರಿನಲ್ಲಿ, ಇರುವ ಲಿನಕ್ಸನ್ನು ಹೊಸ ಬಿಡುಗಡೆಗೆ ಅಪ್‌ಗ್ರೇಡ್‌ಗೆ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಲಾಗಿನ್ ಆದರೆ ಎಲ್ಲವೂ ತೆವಳುತ್ತಿದೆ. ಮೌಸ್ ಮುಂದೆ ಹೋಗುತ್ತದೆ, ವಿಂಡೋ ಆಮೇಲೆ ನಿಧಾನಕ್ಕೆ ಬರುತ್ತದೆ. ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿ ಥರ ಶುರುವಾಯಿತು. ಮೊನ್ನೆವರೆಗೂ ಇದೇ ಸೆಟ್ಟಿಂಗಿನಲ್ಲಿ ಸಲೀಸಾಗಿ ಓಡುತ್ತಿತ್ತು.

ಹೀಗಾದಾಗ ಎಲ್ಲರೂ ಹೇಳುವುದು ಒಂದೇ: ರ‍್ಯಾಮ್ ಜಾಸ್ತಿ ಕೊಡಿ, ಅನಿಮೇಶನ್ ಆಫ್ ಮಾಡಿ. ಸುಮ್ನೆ ಕೈಗೆ ಸಿಕ್ಕಿದ್ದನ್ನು ತಿರುಚಿದರೆ ಏನೂ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಚಿತ್ರ ಬರೆಯುತ್ತಿರುವುದು ಯಾರು, ಮೊದಲು ಅದನ್ನು ನೋಡಬೇಕು. ಟರ್ಮಿನಲ್‌ನಲ್ಲಿ ಗ್ರಾಫಿಕ್ಸ್ ವಿವರ ತೋರಿಸುವ ಜಿಎಲ್‌ಎಕ್ಸ್‌ಇನ್ಫೋ ಓಡಿಸಿದೆ. ರೆಂಡರರ್ ಎಂಬ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಅಂತಿತ್ತು. ಅಂದರೆ ಜಿಪಿಯು (ಗ್ರಾಫಿಕ್ಸ್ ಚಿಪ್) ಮಾಡಬೇಕಾದ ಕೆಲಸವೆಲ್ಲ ಸಿಪಿಯು ತಲೆ ಮೇಲೆ; ಇದೇ ಸಾಫ್ಟ್‌ವೇರ್ ರೆಂಡರಿಂಗ್.

1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ವಿಎಂಗೆ ಕೊಟ್ಟಿರುವ ಎರಡು ಕೋರ್‌ಗಳು ಅಷ್ಟರಲ್ಲಿ ಇದನ್ನೂ ಮಾಡಬೇಕು, ಬ್ರೌಸರನ್ನೂ ಓಡಿಸಬೇಕು. 4ಕೆ ಪರದೆಯಾದರೆ ಪಿಕ್ಸೆಲ್ ನಾಲ್ಕು ಪಟ್ಟು. ರೆಸಲ್ಯೂಶನ್ ಇಳಿಸಿದ ತಕ್ಷಣ ಚುರುಕಾದರೆ ಸಾಫ್ಟ್‌ವೇರ್ ರೆಂಡರಿಂಗ್ ಮೇಲೆ ಅನುಮಾನ ಪಡಬಹುದು.

ಇದು ಹಳೇ ಕಥೆ. 2012ರಲ್ಲಿ ಉಬುಂಟು ಲಿನಕ್ಸಿನ 12.10 ಆವೃತ್ತಿ ಯೂನಿಟಿ 2ಡಿ ಎಂಬ ಹಗುರವಾದ ಡೆಸ್ಕ್‌ಟಾಪನ್ನು ಕೈಬಿಟ್ಟಿತು. 3ಡಿ, ಅಂದರೆ ಜಿಪಿಯು ನೆರವು, ಇಲ್ಲದ ಕಡೆ ಇದೇ ಎಲ್‌ಎಲ್‌ವಿಎಂಪೈಪ್ ಗತಿಯಾಯಿತು. ಮರುವರ್ಷ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನ 3.8 ಆವೃತ್ತಿ, 3ಡಿ ಇಲ್ಲದ ಕಡೆಗೆಂದು ಇದ್ದ ತನ್ನ ಫಾಲ್‌ಬ್ಯಾಕ್ ಮೋಡನ್ನು ತೆಗೆಯಿತು. ಈಗ ಉಬುಂಟು 25.10ರಲ್ಲಿ ಗ್ನೋಮ್‌ಗೆ ಎಕ್ಸಾರ್ಗ್ (ಪರದೆ ನಿಭಾಯಿಸುವ ಹಳೇ ವ್ಯವಸ್ಥೆ) ಸೆಶನ್ನೂ ಇಲ್ಲ. ಲಾಗಿನ್ ಪರದೆಯಲ್ಲಿ ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಬಿಟ್ಟು ಎಕ್ಸಾರ್ಗ್ ಆರಿಸಿಕೊಳ್ಳುವ ನಮ್ಮ ಹಳೇ ಉಪಾಯ ಅಲ್ಲಿ ನಡೆಯುವುದಿಲ್ಲ. ಹಳೇ ಕೋಡನ್ನು ಎಷ್ಟು ದಿನ ಹೊರಬೇಕು ಅಂತ ಇವನ್ನು ತಯಾರಿಸುವವರು ಕೇಳುವುದೂ ಸರಿಯೇ. ಆದರೆ ಪೆಟ್ಟು ಮೊದಲು ಬೀಳುವುದು ವಿಎಂ ಬಳಸುವವರಿಗೆ, ಅಲ್ವಾ?

ಇನ್ನು ಕೆಟ್ಟದ್ದು ಯಾವ ಪದರದಲ್ಲಿ? ವಿಂಡೋಗಳನ್ನು ಜೋಡಿಸಿ ಪರದೆಗೆ ಹಾಕುವ ಕಂಪಾಸಿಟರ್, ಅದರ ಕೆಳಗೆ ಗ್ರಾಫಿಕ್ಸ್ ಲೈಬ್ರರಿ ಮೆಸಾ, ಅದರ ಕೆಳಗೆ ಕರ್ನಲ್ (ಲಿನಕ್ಸಿನ ತಿರುಳು) ಡ್ರೈವರ್, ಆಮೇಲೆ ವಿಎಂ ತೋರಿಸುವ ಸುಳ್ಳು ಗ್ರಾಫಿಕ್ಸ್ ಕಾರ್ಡು, ಕೊನೆಗೆ ಹೋಸ್ಟಿನ, ಅಂದರೆ ವಿಎಂ ಓಡಿಸುವ ಲ್ಯಾಪ್‌ಟಾಪಿನ, ನಿಜವಾದ ಕಾರ್ಡು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ವಿಎಂನ ಈಗಿನ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದುಕೊಂಡು, ಹಳೇ ಬಿಡುಗಡೆಯ ಲೈವ್ ಐಎಸ್‌ಒವನ್ನು (ಇನ್‌ಸ್ಟಾಲ್ ಮಾಡದೆಯೇ ಓಡುವ ಡಿಸ್ಕ್ ಫೈಲು) ಅದೇ ವಿಎಂನಲ್ಲಿ ಬೂಟ್ ಮಾಡಿದೆ. ನಯವಾಗಿ ಓಡಿತು. ಹಾಗಾಗಿ ಹೋಸ್ಟು, ವಿಎಂ ಸೆಟ್ಟಿಂಗು ಎರಡೂ ಸರಿಯಿವೆ; ದೋಷ ಹೊಸ ಬಿಡುಗಡೆಯ ಒಳಗೇ ಇದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಯಾಕೋ ಯಾರೂ ಇದನ್ನು ಮಾಡುವುದಿಲ್ಲ.

ಆಮೇಲೆ ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿಗೆ ಹೋದೆ. ಅಪ್‌ಗ್ರೇಡ್ ಆದಮೇಲೂ ಹಿಂದಿನ ಕರ್ನಲ್ ಅಲ್ಲೇ ಉಳಿದಿತ್ತು. ಅದರಲ್ಲಿ ಬೂಟ್ ಮಾಡಿದರೆ, ಮೆಸಾ ಹೊಸದೇ ಆಗಿದ್ದರೂ, 3ಡಿ ವಾಪಸ್ ಬಂತು! ಹಾಗಾದರೆ ಕರ್ನಲ್ ಕಡೆಯದ್ದೇ. ಎರಡೂ ಕರ್ನಲ್‌ಗಳ ಲಾಗನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ವರ್ಚುವಲ್ ಕಾರ್ಡಿನ ಡ್ರೈವರ್ 3ಡಿ ಇಲ್ಲವೆಂದು ಬರೆದುಕೊಂಡು ಸುಮ್ಮನಾಗಿತ್ತು.

ಸದ್ಯಕ್ಕೆ ಗ್ರಬ್‌ನಲ್ಲಿ ಹಳೇ ಕರ್ನಲನ್ನೇ ಡೀಫಾಲ್ಟ್ ಮಾಡಿದ್ದೇನೆ. ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ, ಹಾಗಾಗಿ ಇದು ಬಹಳ ದಿನದ ಏರ್ಪಾಡಲ್ಲ. ಎರಡು ಲಾಗು, ಎರಡು ಕರ್ನಲ್ ನಂಬರು, ರೆಂಡರರ್ ಸಾಲು ಸೇರಿಸಿ ಬಗ್ ವರದಿ ಕಳಿಸಿದೆ. "ಹೊಸ ಲಿನಕ್ಸ್ ನಿಧಾನ" ಅಂತಷ್ಟೇ ಬರೆದರೆ ಡ್ರೈವರ್ ಬರೆಯುವವರಿಗೆ ಮಾಡಲು ಏನೂ ಇರುವುದಿಲ್ಲ. ಯಾವ ಕರ್ನಲ್‌ನಿಂದ ಕೆಟ್ಟಿತು ಅಂತ ಗೊತ್ತಾದರೆ ಅವರು ಗಿಟ್ ಬೈಸೆಕ್ಟ್ ಮಾಡಿ, ಅಂದರೆ ಬದಲಾವಣೆಗಳನ್ನು ಅರ್ಧರ್ಧ ಮಾಡಿ ಪರೀಕ್ಷಿಸುತ್ತಾ, ನಡುವಿನ ಸಾವಿರಾರು ಬದಲಾವಣೆಗಳಲ್ಲಿ ತಪ್ಪಿದ್ದನ್ನು ಹುಡುಕಬಹುದು.

ಸಂಜೆ ತಮ್ಮ ಫೋನ್ ಮಾಡಿ, "ಅಣ್ಣಾ, ನಾನೂ ಅಪ್‌ಗ್ರೇಡ್ ಮಾಡ್ಲಾ?" ಅಂದ. ಅವನ ವಿಎಂನಲ್ಲಿ ಇರುವುದು ಒಂದು ಎಡಿಟರ್, ಒಂದು ಟರ್ಮಿನಲ್. ಬಹಳ ವರ್ಷ ಬೆಂಬಲ ಸಿಗುವ ಎಲ್‌ಟಿಎಸ್ ಬಿಡುಗಡೆಯಲ್ಲೇ ಇರು, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಹಾಕಿಕೊ ಅಂದೆ.