ರೋಮನ್ ಹಾಲಿಡೇಗೆ ಕ್ಯಾರಿ ಗ್ರಾಂಟ್ ಬಂದಿದ್ದರೆ?

1953ರ ಹಾಲಿವುಡ್ ಚಿತ್ರ ‘ರೋಮನ್ ಹಾಲಿಡೇ’ಯಲ್ಲಿ ಗ್ರೆಗರಿ ಪೆಕ್ ಜಾಗಕ್ಕೆ ಕ್ಯಾರಿ ಗ್ರಾಂಟ್, ಆಡ್ರಿ ಹೆಪ್‌ಬರ್ನ್ ಜಾಗಕ್ಕೆ ಎಲಿಜಬೆತ್ ಟೇಲರ್. ಬರೀ ಊಹೆಯಲ್ಲ, ಚಿತ್ರ ನಿರ್ದೇಶಕ ವಿಲಿಯಂ ವೈಲರ್ ಕೈಗೆ ಬರುವ ಮೊದಲು ಇನ್ನೊಬ್ಬ ನಿರ್ದೇಶಕ ಫ್ರಾಂಕ್ ಕಾಪ್ರಾ ಯೋಚಿಸಿದ್ದ ಜೋಡಿಯೇ ಇದು.

ಟೇಲರ್ ಆಗಲೇ ದೊಡ್ಡ ತಾರೆ. ಗುರುತು ಮರೆಸಿ ಬೀದಿ ಸುತ್ತುವ ರಾಜಕುಮಾರಿಗೆ ಪ್ರೇಕ್ಷಕರಿಗೂ ಹೊಸದಾದ ಮುಖವೇ ಬೇಕು. ಗ್ರಾಂಟ್ ವಿಷಯ ಇನ್ನೂ ಸೂಕ್ಷ್ಮ. ಆತನ ಚುರುಕು ಕಣ್ಣು, ಮಾತಿನ ವೇಗ ನೋಡಿದರೆ ಮೊದಲ ದೃಶ್ಯದಲ್ಲೇ ‘ಇವನು ಏನೋ ಆಟ ಕಟ್ಟುತ್ತಿದ್ದಾನೆ’ ಅನ್ನಿಸಿಬಿಡುತ್ತದೆ. ಪೆಕ್ ನಿಧಾನಿ, ನೆಟ್ಟಗಿನ ಮನುಷ್ಯ. ಆದ್ದರಿಂದಲೇ ಆತ ನಟಿಸಿದ ಪತ್ರಕರ್ತ ಸುದ್ದಿಗಾಗಿ ರಾಜಕುಮಾರಿಗೆ ಹೇಳುವ ಸುಳ್ಳು ಅಷ್ಟು ಚುಚ್ಚುತ್ತದೆ. ಸುಳ್ಳು ಹೇಳುವವರ ಕೈ ಕಚ್ಚುತ್ತದೆ ಎನ್ನುವ ಕಲ್ಲಿನ ಮುಖ ‘ಸತ್ಯದ ಬಾಯಿ’ಯ ಮುಂದೆ ಪೆಕ್ ಆಡ್ರಿಗೆ ಹೇಳದೆ ಅಂಗೈಯನ್ನು ಕೋಟಿನ ತೋಳೊಳಗೆ ಅಡಗಿಸಿದ್ದರು. ಆಕೆಯ ಆ ಚೀರಾಟ ನಿಜವಾದದ್ದು. ಗ್ರಾಂಟ್ ಆಗಿದ್ದರೆ ನಾವು ಕೀಟಲೆಗೆ ಮೊದಲೇ ಕಾದು ಕೂತಿರುತ್ತಿದ್ದೆವು.

ಗ್ರಾಂಟ್ ಜೊತೆ ಆಡ್ರಿಯೇ ಇದ್ದಿದ್ದರೆ ವಯಸ್ಸಿನ ಅಂತರ ಬೇರೆ: ಗ್ರಾಂಟ್ ಹುಟ್ಟಿದ್ದು 1904ರಲ್ಲಿ, ಆಡ್ರಿ 1929ರಲ್ಲಿ. ಹತ್ತು ವರ್ಷ ಕಳೆದು ‘ಶರೇಡ್’ ಚಿತ್ರದಲ್ಲಿ ಇಬ್ಬರೂ ಜೊತೆಯಾದಾಗ ಚಿತ್ರಕಥೆ ಅದನ್ನು ಜಾಣತನದಿಂದ ನಿಭಾಯಿಸಿತು. ಅಲ್ಲಿ ಬೆನ್ನು ಹತ್ತುವವಳು ಆಕೆ, ಹಿಂಜರಿಯುವವನು ಆತ.