ಹತ್ತದೆ ಸುತ್ತಿ ಬಂದ ಬಂಡೆ, ಆಮೇಲೆ ಕಡಲು

ಅಪ್ಪ ಅಮ್ಮ ತುಮಕೂರಿಂದ ಮೆಲ್ಬರ್ನ್‌ಗೆ ಬಂದಿದ್ದು ಜುಲೈನಲ್ಲಿ, ಇಲ್ಲಿ ಆಗ ಚಳಿಗಾಲ. ವಯಸ್ಸಾದೋರನ್ನ ಬೆಚ್ಚಗಿರೋ ಬೀಚಿಗೆ ಕರ್ಕೊಂಡ್ ಹೋಗಿ ಅಂತ ಎಲ್ರೂ ಹೇಳಿದ್ರು, ಆದ್ರೆ ನಂಗೆ ಮೊದ್ಲು ಆಸ್ಟ್ರೇಲಿಯಾದ ನಡುವಿನ ಮರುಭೂಮೀಲಿರೋ ದೊಡ್ಡ ಬಂಡೆ ಉಲುರು ತೋರಿಸ್ಬೇಕು ಅಂತ ಆಸೆ, ಯಾಕಂದ್ರೆ ಅಪ್ಪ ಮಧುಗಿರಿಯವರು, ಏಕಶಿಲಾ ಬೆಟ್ಟದ ಬುಡದಲ್ಲೇ ಬೆಳೆದೋರು, ಹುಡುಗ್ರಾಗಿದ್ದಾಗ ಎಷ್ಟು ಸಲ ಹತ್ತಿದಾರೋ ಲೆಕ್ಕ ಇಲ್ಲ.

ಆಲಿಸ್ ಸ್ಪ್ರಿಂಗ್ಸ್‌ವರೆಗೆ ಫ್ಲೈಟು, ಅಲ್ಲಿಂದ ಬಾಡಿಗೆ ಕಾರಲ್ಲಿ ಸುಮಾರು 450 ಕಿ.ಮೀ. ಸ್ಟುವರ್ಟ್ ಹೈವೇಲಿ 200 ಕಿ.ಮೀ. ಬಂದು ಎರ್ಲ್‌ಡಂಡಾದಲ್ಲಿ ಬಲಕ್ಕೆ ತಿರುಗ್ಬೇಕು. ದಾರೀಲಿ ಸಿಗೋ ಬಂಕುಗಳು ಬೆರಳೆಣಿಕೆಯಷ್ಟು, ಕಂಡ ಕಂಡಲ್ಲಿ ಟ್ಯಾಂಕ್ ತುಂಬಿಸ್ಕೊಳ್ಳಿ, ಫೋನಿಗೆ ಸಿಗ್ನಲ್ ಇರಲ್ಲ, ಕತ್ತಲಾದ್ಮೇಲೆ ಮಾತ್ರ ಓಡಿಸ್ಲೇಬೇಡಿ, ಕಾಂಗರೂ ಒಂಟೆ ಎಲ್ಲ ಅಡ್ಡ ಬರ್ತವೆ. ಒಂಟೆ ಅಂದ ತಕ್ಷಣ ಅಮ್ಮಂಗೆ ಆಶ್ಚರ್ಯ. 19ನೇ ಶತಮಾನದಲ್ಲಿ ಈ ಮರುಭೂಮಿಗೆ ಸಾಮಾನು ಸಾಗಿಸೋಕೆ ಒಂಟೆಗಳನ್ನೂ ಅವನ್ನ ನಡೆಸೋರನ್ನೂ ಹಡಗಲ್ಲಿ ತಂದಿದ್ರು, ಎಲ್ರನ್ನೂ 'ಅಫ್ಘಾನ್' ಅಂತಾನೇ ಕರೀತಿದ್ರು, ಆದ್ರೆ ಅವರಲ್ಲಿ ಎಷ್ಟೋ ಜನ ಆಗಿನ ಬ್ರಿಟಿಷ್ ಇಂಡಿಯಾದೋರು. ಲಾರಿ ಬಂದ್ಮೇಲೆ ಬಿಟ್ಟ ಒಂಟೆಗಳೇ ಈಗ ಕಾಡುಒಂಟೆ. ಅಡಿಲೇಡಿಂದ ಡಾರ್ವಿನ್‌ಗೆ ಹೋಗೋ ರೈಲಿಗೆ 'ಘಾನ್' ಅನ್ನೋ ಹೆಸರು ಬಂದಿದ್ದೂ ಅವರಿಂದಾನೇ.

ಎಡಗಡೆ ದೊಡ್ಡ ಬೆಟ್ಟ ಕಂಡು ಅಮ್ಮ "ಬಂತು ಬಂತು" ಅಂದ್ರು, ಅದು ಮೌಂಟ್ ಕಾನರ್, ನೆತ್ತಿ ಚಪ್ಪಟೆ, ತುಂಬಾ ಜನ ಅದನ್ನೇ ಉಲುರು ಅಂದ್ಕೋತಾರೆ. ನಿಜವಾದದ್ದು ಕಂಡಾಗ ಯಾರೂ ಮಾತಾಡ್ಲಿಲ್ಲ. 348 ಮೀಟರ್ ಎತ್ತರ ಅಂತ ಓದಿದ್ದೆ, ಸುತ್ತ ಮಟ್ಟಸವಾದ ಕೆಂಪು ನೆಲ ಇರೋದ್ರಿಂದ ಅದು ಎದ್ದು ಬಂದು ನಿಂತ ಹಾಗೆ ಕಾಣುತ್ತೆ. ಕಲ್ಲಿನ ಒಳಗಿನ ಬಣ್ಣ ಬೂದಿಯಂತೆ, ಅದರಲ್ಲಿರೋ ಕಬ್ಬಿಣ ಗಾಳಿ ನೀರಿಗೆ ತುಕ್ಕು ಹಿಡಿದು ಹೊರಗೆ ಕೆಂಪಾಗಿರೋದು.

ಮಾರನೇ ದಿನ ಬೆಳಿಗ್ಗೆ ಕೊರೆಯೋ ಚಳಿ, ಅಮ್ಮ ಶಾಲು ಮಂಕಿ ಟೋಪಿ ಎಲ್ಲ ಹಾಕ್ಕೊಂಡು ಹೊರಟ್ರು. ಹಿಂದೆ ಜನ ಹತ್ತುತಿದ್ದ ಜಾಗದಲ್ಲಿ ಕಾಲು ಸವೆಸಿದ ಬಿಳಿ ಗೆರೆ ಇನ್ನೂ ಇದೆ. ಇದು ಇಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರವಾದ ದಾರಿ, ಹತ್ಬೇಡಿ ಅಂತ ಅವರು ವರ್ಷಗಟ್ಲೆ ಕೇಳ್ಕೊಂಡ್ರು, 1985ರ ಅಕ್ಟೋಬರ್ 26ಕ್ಕೆ ಜಾಗ ಅವರಿಗೆ ವಾಪಸ್ ಸಿಕ್ತು, ಹತ್ತೋದು ನಿಂತಿದ್ದು ಮಾತ್ರ 2019ರ ಅದೇ ದಿನ. 34 ವರ್ಷ! ನಂಗೆ ಇದು ತುಂಬಾ ತಡ ಅನ್ಸುತ್ತೆ. ಅಪ್ಪ ಆ ಗೆರೆ ನೋಡ್ತಾ ಸುಮಾರು ಹೊತ್ತು ನಿಂತು, "ಬೇಡ ಅಂದ್ಮೇಲೆ ಮುಗೀತಲ್ವ, ಸುತ್ತು ಬರೋಣ ಬಾ" ಅಂದ್ರು.

ಪೂರ್ತಿ ಸುತ್ತೋ ದಾರಿ 10 ಕಿ.ಮೀ. ಮೇಲಿದೆ, ಅಮ್ಮನ ಮಂಡಿಗೆ ಆಗಲ್ಲ ಅಂತ ನಾನು ಹೆದರಿದ್ದೆ, ಆದ್ರೂ ಅವರು ಮುಟಿಟ್ಜುಲು ಕೊಳದ ತನಕ ನಡೆದ್ರು. ಅಲ್ಲಿ ಬಂಡೆ ಮೇಲಿನ ಗುರುತುಗಳು ಕುನಿಯ ಅನ್ನೋ ಹೆಬ್ಬಾವಿನ ಹೆಂಗಸು ತನ್ನ ಸೋದರಳಿಯನಿಗೋಸ್ಕರ ವಿಷದ ಹಾವು ಲಿರು ಜೊತೆ ಹೋರಾಡಿದ್ದರ ಗುರುತು ಅಂತಾರೆ ಅನಂಗು ಜನ. ಅಮ್ಮ ಕೈ ಮುಗಿದ್ರು. ಕೆಲವು ಕಡೆ ಫೋಟೋ ತೆಗೀಬಾರ್ದು ಅಂತ ಬೋರ್ಡ್ ಇರುತ್ತೆ, ದಯವಿಟ್ಟು ತೆಗೀಬೇಡಿ.

ಅಲ್ಲಿಂದ ಈಶಾನ್ಯ ಕರಾವಳಿಯ ಕೇರ್ನ್ಸ್‌ಗೆ ಹಾರಿದ್ವಿ. ಏರ್‌ಪೋರ್ಟಿಂದ ಹೊರಗೆ ಕಾಲಿಟ್ರೆ ಮಂಗಳೂರಿನ ಥರ ಅಂಟಂಟು ಗಾಳಿ, ಅಮ್ಮನ ಟೋಪಿ ಬ್ಯಾಗ್ ಸೇರ್ತು. ಪೋರ್ಟ್ ಡಗ್ಲಸ್ ಒಂದು ಗಂಟೆ ದಾರಿ, ಒಂದು ಕಡೆ ಕಡಲು ಇನ್ನೊಂದು ಕಡೆ ಕಾಡು. ಬೇಸಿಗೆಯಲ್ಲಿ ಇಲ್ಲಿ ಕುಟುಕಿದ್ರೆ ಪ್ರಾಣಕ್ಕೇ ಅಪಾಯ ಆಗೋ ಅಂಬಲಿ ಮೀನು (ಜೆಲ್ಲಿಫಿಶ್) ಬರ್ತವೆ, ಜುಲೈನಲ್ಲಿ ಆ ಭಯ ಕಡಿಮೆ, ಮೊಸಳೆ ಬೋರ್ಡ್ ಇರೋ ಕಡೆ ಮಾತ್ರ ಯಾವ ಕಾಲದಲ್ಲೂ ನೀರಿಗೆ ಇಳೀಬಾರ್ದು. ಮೂರು ದಿನ ಏನೂ ಮಾಡ್ಲಿಲ್ಲ, ಅನ್ನ ಸಾರು ಮಾಡ್ಕೊಂಡು ಫೋರ್ ಮೈಲ್ ಬೀಚಲ್ಲಿ ಕೂತ್ವಿ. ಒಂದಿನ ಡೇನ್‌ಟ್ರೀ ಹೊಳೇನ ಫೆರ್ರಿಲಿ ದಾಟಿ ಕೇಪ್ ಟ್ರಿಬ್ಯುಲೇಶನ್‌ಗೆ ಹೋದ್ವಿ, ಪ್ರಪಂಚದಲ್ಲೇ ತೀರಾ ಹಳೇ ಮಳೆಕಾಡುಗಳಲ್ಲಿ ಒಂದು ಅದು, ಮರದ ನೆರಳು ಮರಳಿನ ಮೇಲೇ ಬೀಳುತ್ತೆ, ಅದರಾಚೆ ಕಡಲಲ್ಲಿ ಹವಳದ ದಿಬ್ಬಗಳ ಸಾಲು, ಗ್ರೇಟ್ ಬ್ಯಾರಿಯರ್ ರೀಫ್. ಅಮ್ಮ ಸೀರೆ ಎತ್ತಿ ಹಿಡ್ಕೊಂಡು ಅಲೆಗೆ ಕಾಲು ಕೊಟ್ಟು ನಿಂತಿದ್ರು. ಅಪ್ಪ ಮರಳಲ್ಲಿ ಕೂತು, ಆ ಬಂಡೇನ ಇನ್ನೊಂದು ಕಡೆಯಿಂದ ನೋಡೋದು ಉಳೀತಲ್ಲ, ಮುಂದಿನ ಸಲ ಪೂರ್ತಿ ಸುತ್ತು ಮುಗಿಸೋಣ ಅಂದ್ರು.